ದಾವಣಗೆರೆ ಸ್ಟೇಷನ್ನಿನ ಆ ಅಣ್ಣನಿಗೆ

ಶನಿವಾರ ಸಂಜೆ ದಾವಣಗೆರೆ ರೈಲ್ವೆ ಸ್ಟೇಷನ್ನಿನಲ್ಲಿ ನನ್ನ ಪಕ್ಕದ ಬೆಂಚಿನಲ್ಲಿದ್ದ ಅಣ್ಣಾ, ನಿಮ್ಮ ಹೆಸರು ಕೇಳುವುದನ್ನೇ ಮರೆತೆ.

ಒಮ್ಮೆಲೇ ಬಹಳ ಜನರ ಲೋಡ್ ಬಿದ್ದರೆ ಸೈಟ್ ತಡೆಯುತ್ತದಾ ಅಂತ ಪರೀಕ್ಷಿಸುವ ಸಾಫ್ಟ್‌ವೇರ್ ಜೆಮೀಟರ್ ಕಲಿಯಲು ಶುರು ಮಾಡಿ ವಾರವಾಗಿತ್ತು. ನನ್ನ ಪ್ರಾಜೆಕ್ಟ್ ಸೈಟಿಗೆ 500 ಥ್ರೆಡ್ (ಅಂದರೆ 500 ನಕಲಿ ಬಳಕೆದಾರರು), ರ‍್ಯಾಂಪ್-ಅಪ್ (ಅವರೆಲ್ಲ ಒಳಗೆ ಬರಲು ಕೊಡುವ ಸಮಯ) 1 ಸೆಕೆಂಡ್ ಕೊಟ್ಟಿದ್ದೆ. ಪ್ರತಿ ಸಲವೂ ಲ್ಯಾಪ್‌ಟಾಪೇ ಹ್ಯಾಂಗ್. ಸೋಮವಾರ ಡೆಮೊ ಬೇರೆ. ಅಳು ಒಂದು ಬಾಕಿ.

ನೀವು ಮಂಡಕ್ಕಿ ಪೊಟ್ಟಣ ಪಕ್ಕಕ್ಕಿಟ್ಟು, ಕರ್ಚೀಫಿನಲ್ಲಿ ಬೆರಳು ಒರೆಸಿಕೊಂಡು, "ನೋಡ್ಲಾ?" ಅಂದಿರಿ. ಕೀಬೋರ್ಡ್ ಮಾತ್ರ ಮುಟ್ಟಲಿಲ್ಲ, ಎಲ್ಲವನ್ನೂ ನನ್ನ ಕೈಯಲ್ಲೇ ಮಾಡಿಸಿದಿರಿ. ಮೊದಲು 'ವ್ಯೂ ರಿಸಲ್ಟ್ಸ್ ಟ್ರೀ' ತೆಗೆಸಿದಿರಿ. ಸೈಟಿನಿಂದ ಬಂದ ಉತ್ತರಗಳನ್ನೆಲ್ಲ ಹಿಡಿದಿಟ್ಟುಕೊಂಡು ಮೆಮೊರಿ ತಿನ್ನುತ್ತಿದ್ದದ್ದು ಅದೇ. "ಒಂದೇ ಸೆಕೆಂಡಿಗೆ 500 ಜನ ನುಗ್ಗಿದ್ರೆ ದುಗ್ಗಮ್ಮನ ಜಾತ್ರೆ ಆಗ್ತದೆ, ಅಲ್ವಾ?" ಅಂತ ನಕ್ಕು, ರ‍್ಯಾಂಪ್-ಅಪ್ 100 ಮಾಡಿಸಿದಿರಿ. ಅಂದರೆ ಸೆಕೆಂಡಿಗೆ ಐದೇ ಜನ ಒಳಗೆ. ಆಮೇಲೆ ಜೆಮೀಟರ್ ವಿಂಡೋ ಮುಚ್ಚಿಸಿ, ಟರ್ಮಿನಲ್‌ನಲ್ಲಿ 'ಮೈನಸ್ ಎನ್' (ವಿಂಡೋ ಇಲ್ಲದೆ ಓಡು ಅನ್ನುವ ಸೂಚನೆ) ಹಾಕಿ ಓಡಿಸಲು ಹೇಳಿದಿರಿ. ವಿಂಡೋ ಇರುವುದು ಟೆಸ್ಟ್ ಕಟ್ಟಲಿಕ್ಕಂತೆ, ಲೋಡ್ ಕೊಡಲಿಕ್ಕಲ್ಲ. ನಾನೋ, ವಾರವಿಡೀ ಅಲ್ಲೇ ಹಸಿರು ಗುಂಡಿ ಒತ್ತುತ್ತಿದ್ದೆ!

ಫಲಿತಾಂಶದ ಸಮರಿ ಸಾಲುಗಳು ಒಂದೊಂದಾಗಿ ಬಂದವು. ಎರರ್ 0. ತಡೆದಿದ್ದ ಉಸಿರು ಬಿಟ್ಟು ತಲೆ ಎತ್ತಿದರೆ ನಿಮ್ಮ ಹುಬ್ಬಳ್ಳಿ ರೈಲು ಹೊರಟಿತ್ತು. ಬೆಂಚಿನ ಮೇಲೆ ಅರ್ಧ ಮಂಡಕ್ಕಿ, ಒಂದು ಮಿರ್ಚಿ.

ಥ್ಯಾಂಕ್ಸ್ ಅಣ್ಣಾ. ಮಿರ್ಚಿ ತಿಂದೆ.