ಟಿಕೆಟ್‌ನ ಗಂಟೆ ಬೇರೆ, ಹಾರುವ ಗಂಟೆ ಬೇರೆ

ಮಾನ್ಯ ಸಂಪಾದಕರೇ,

ಬೆಂಗಳೂರಿನಿಂದ ಬೆಳಿಗ್ಗೆ 7ಕ್ಕೆ ಹೊರಟು ಲಂಡನ್ನಿಗೆ ಮಧ್ಯಾಹ್ನ 12.30ಕ್ಕೆ ತಲುಪುತ್ತದೆ ಎಂದು ಟಿಕೆಟ್‌ನಲ್ಲಿದ್ದರೆ, ಅದು ಐದೂವರೆ ತಾಸಿನ ಹಾದಿಯಲ್ಲ. ಎರಡೂ ಆಯಾ ಊರಿನ ಗಡಿಯಾರದ ಹೊತ್ತು. ಲಂಡನ್ನಿನ ಗಡಿಯಾರ ನಮ್ಮದಕ್ಕಿಂತ ಹಿಂದಿರುವುದರಿಂದ, ಅದಕ್ಕೆ ಅಲ್ಲಿನ ಬೇಸಿಗೆಯಲ್ಲಿ ನಾಲ್ಕೂವರೆ, ಚಳಿಗಾಲದಲ್ಲಿ ಐದೂವರೆ ತಾಸು ಕೂಡಿಸಬೇಕು. ಅಂದಾಜಿಗೆ, ಸುಮಾರು 8,000 ಕಿ.ಮೀ. ದೂರವನ್ನು ವಿಮಾನದ ವೇಗ, ಅಂದರೆ ತಾಸಿಗೆ 850 ಕಿ.ಮೀ.ನಿಂದ ಭಾಗಿಸಿ, ಏರಿ ಇಳಿಯಲು ಅರ್ಧ ತಾಸು ಸೇರಿಸಿ: ಹತ್ತು ತಾಸಿನ ಆಸುಪಾಸು. ದೂರವನ್ನು ಗೋಡೆಯ ನಕಾಶೆ ಮೇಲೆ ಸ್ಕೇಲಿಟ್ಟು ಅಳೆದರೆ ತಪ್ಪುತ್ತದೆ. ಗ್ಲೋಬ್ ಮೇಲೆ ದಾರ ಬಿಗಿಯಾಗಿ ಎಳೆದು ಹಿಡಿಯಬೇಕು. ವಾಪಸ್ ಬರುವಾಗ ಪಡುವಣ ಗಾಳಿ ಬೆನ್ನಿಗಿರುತ್ತದೆ, ಸಮಯ ಉಳಿಯುತ್ತದೆ. ಯಾವುದಾದರೂ ದೇಶ ತನ್ನ ಆಕಾಶ ಮುಚ್ಚಿದರೆ ಮಾತ್ರ ಈ ಲೆಕ್ಕವೆಲ್ಲ ಕೆಟ್ಟಂತೆ. ನಮ್ಮ ಕಡೆಯವರು ಹೈದರಾಬಾದ್‌ನ ವಿಮಾನ ನಿಲ್ದಾಣವಿರುವ ಶಂಶಾಬಾದ್‌ನಿಂದಲೂ ಹೊರಡುತ್ತಾರೆ. ಕಲಬುರಗಿಯಿಂದ ಅಲ್ಲಿಗೆ ರಸ್ತೆಯ ಐದು ತಾಸು, ಚೆಕ್-ಇನ್‌ಗೆ ಮೂರು ತಾಸು ಯಾವ ಟಿಕೆಟ್‌ನಲ್ಲೂ ಬರೆದಿರುವುದಿಲ್ಲ.

– ಓದುಗ, ಕಲಬುರಗಿ