ಗೆಳೆಯನಿಗೊಂದು ಪತ್ರ: ಎಲ್ಲಕ್ಕೂ ಐದು

ಪ್ರೀತಿಯ ಗೆಳೆಯ,

ಪಿಎಚ್‌ಡಿ ಎಲ್ಲಿಗೆ ಬಂತು ಅಂತ ಫೋನ್ ಮಾಡಿದಾಗಲೆಲ್ಲ ಕೇಳ್ತೀಯ. ಫೋನಿನಲ್ಲಿ ಹೇಳೋಕಾಗದ್ದನ್ನು ಇಲ್ಲಿ ಬರೀತಿದ್ದೇನೆ. ನಮ್ಮ ಹಾಗೆ ನಾಲ್ಕು ಜನರಿಂದ ಕೆಲಸ ಮಾಡಿಸುವವರು ಬೇರೆಯವರೂ ಓದಲಿ.

ನನ್ನ ವಿಷಯ ನಿನಗೆ ಗೊತ್ತಲ್ವಾ, ಹಳ್ಳಿ ಹಾಲಿನ ಸಂಘಗಳಲ್ಲಿ ನಾಯಕತ್ವ. ಹೋದ ತಿಂಗಳು ಮುಳಬಾಗಿಲು ಕಡೆಯ ಒಂದು ಡೈರಿಗೆ ಬೆಳಿಗ್ಗೆ ಆರಕ್ಕೇ ಹೋಗಿದ್ದೆ. ಕೈಯಲ್ಲಿ 40 ಪ್ರಶ್ನೆಗಳ ಫಾರಂ. ಸಂಘ ನಡೆಸುವವರ ಬಗ್ಗೆ 1ರಿಂದ 5ರವರೆಗೆ ಟಿಕ್ ಹಾಕಬೇಕು, 5 ಅಂದರೆ ತುಂಬಾ ಚೆನ್ನಾಗಿದೆ ಅಂತ. ಒಬ್ಬ ಅಮ್ಮ ಕ್ಯಾನು ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಕೂತರು. ಎಲ್ಲಕ್ಕೂ 5. ನಾನು ಪ್ರಶ್ನೆ ಓದಿ ಮುಗಿಸೋ ಮೊದಲೇ 5. ಸಂಘದ ಸೆಕ್ರೆಟರಿ ಪಕ್ಕದಲ್ಲೇ ನಿಂತಿದ್ದರು.

ಹಾಲಿನ ಗಾಡಿ ಬಂತು ಅಂತ ಅವರು ಆಚೆ ಹೋದರು. ಈ ಅಮ್ಮ ಫಾರಂ ಮೇಲೆ ಕೈಯಿಟ್ಟು, ಕನ್ನಡ ಬಿಟ್ಟು ತೆಲುಗಿನಲ್ಲಿ ಶುರು ಮಾಡಿದರು. ಹಸು ಸರಿಯಾಗಿ ಮೇವು ತಿನ್ನದೆ ಹಿಂದಿನ ವಾರ ಹಾಲಿನಲ್ಲಿ ಫ್ಯಾಟ್ (ಕೊಬ್ಬು) ಕಮ್ಮಿ ಬಂದಿತ್ತಂತೆ. ‘ನೀರು ಹಾಕಿದ್ಯಾ?’ ಅಂತ ಸೆಕ್ರೆಟರಿ ಸಾಲಿನಲ್ಲಿದ್ದವರೆಲ್ಲರ ಮುಂದೆ ಕೇಳಿದರಂತೆ. ದುಡ್ಡು ಕಮ್ಮಿ ಬಂದಿದ್ದಕ್ಕೆ ಬೇಜಾರಿಲ್ಲ. ಅವತ್ತಿನಿಂದ ಹಾಲು ಹಾಕೋಕೆ ಮಗನನ್ನೇ ಕಳಿಸ್ತಿದ್ದರು. ಆ ದಿನ ಅವನಿಗೆ ಜ್ವರ, ಅದಕ್ಕೇ ಬಂದಿದ್ದರು.

ಶಿಕಾಗೊ ಹತ್ತಿರದ ಹಾಥಾರ್ನ್ ಕಾರ್ಖಾನೆಯ ಕಥೆ ನಾನೇ ಕ್ಲಾಸಿನಲ್ಲಿ ಎಷ್ಟು ಸಲ ಹೇಳಿದ್ದೇನೆ! 1924ರಲ್ಲಿ ದೀಪದ ಬೆಳಕು ಹೆಚ್ಚು ಕಮ್ಮಿ ಮಾಡಿ ಕೆಲಸ ಅಳೆಯೋಕೆ ಹೊರಟವರು ಅವರು. 1928ರಿಂದ 20 ಸಾವಿರಕ್ಕೂ ಜಾಸ್ತಿ ಕೆಲಸಗಾರರನ್ನು ಮಾತಾಡಿಸಿದರು. ಮೊದಮೊದಲು ಕೈಯಲ್ಲಿ ಪ್ರಶ್ನೆಗಳ ಪಟ್ಟಿ ಇತ್ತು. ಜನ ಬೇರೇನೋ ಹೇಳೋಕೆ ಹೊರಡುತ್ತಿದ್ದರು. ಆಮೇಲೆ ಪಟ್ಟಿ ಬದಿಗಿಟ್ಟು, ಹೇಳಿದ್ದನ್ನು ಸುಮ್ನೆ ಕೇಳಿಸಿಕೊಳ್ಳೋದು ಕಲಿತರು. ಪರೀಕ್ಷೆಗೆ ಬರುತ್ತೆ ಅಂತ ಬರೆಸಿದ್ದೆ. ಅದರ ಅರ್ಥ ನನಗೆ ತಿಳಿದಿದ್ದು ಆ ಡೈರಿಯ ಕಟ್ಟೆ ಮೇಲೆ.

ಕೋಲಾರಕ್ಕೆ ಬಸ್ಸಿನಲ್ಲಿ ವಾಪಸ್ ಬರುವಾಗ ಇನ್ನೊಂದು ನೆನಪಾಯ್ತು ಕಣೋ. ವಿಭಾಗದ ಮುಖ್ಯಸ್ಥನಾದ ಎರಡನೇ ವರ್ಷ ನನ್ನ ಬಗ್ಗೆ ಎಲ್ಲರಿಂದ ಅಭಿಪ್ರಾಯ ಬರೆಸಿಕೊಂಡೆ. ಫಾರಂ ಹಂಚಿದ್ದು ನಾನೇ, ಅಲ್ಲೇ ನಿಂತು ವಾಪಸ್ ತಗೊಂಡಿದ್ದೂ ನಾನೇ. ಎಲ್ಲರೂ 5 ಕೊಟ್ಟಿದ್ದರು. ಅವತ್ತು ರಾತ್ರಿ ನಿನಗೆ ಫೋನ್ ಮಾಡಿ ಹೇಳಿಕೊಂಡಿದ್ದೆ, ನೆನಪಿದೆಯಾ?

ಆ ಫಾರಂಗಳಲ್ಲಿ ನಮ್ಮ ಅತಿಥಿ ಉಪನ್ಯಾಸಕಿಯೊಬ್ಬರದೂ ಇತ್ತು. ಅದಕ್ಕೂ ಒಂದು ತಿಂಗಳ ಮೊದಲು, ಇಂಟರ್ನಲ್ ಮಾರ್ಕ್ಸ್ ತಡವಾಯ್ತು ಅಂತ ವಿದ್ಯಾರ್ಥಿಗಳ ಮುಂದೆಯೇ ಅವರ ಮೇಲೆ ಕೂಗಾಡಿದ್ದೆ. ಅವರು ಒಂದು ಮಾತೂ ಆಡಲಿಲ್ಲ. ಕೈಯಲ್ಲಿದ್ದ ಚಾಕ್‌ಪೀಸನ್ನು ನಿಧಾನವಾಗಿ ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿದರು. ಆ ಸೆಮಿಸ್ಟರ್ ಮುಗಿದ ಮೇಲೆ ಕೆಲಸ ಬಿಟ್ಟರು. ಪತ್ರದಲ್ಲಿ ‘ವೈಯಕ್ತಿಕ ಕಾರಣ’ ಅಂತಿತ್ತು. ನಾನು ನಂಬಿದೆ. ನಂಬಿದರೆ ನನಗೆ ನೆಮ್ಮದಿಯಿತ್ತು. ಅವರ ನಂಬರ್ ಇವತ್ತಿಗೂ ಫೋನಿನಲ್ಲಿದೆ. ಈ ತಿಂಗಳಲ್ಲಿ ಮೂರು ಸಲ ತೆಗೆದು ನೋಡಿದ್ದೇನೆ.

ಇಷ್ಟೆಲ್ಲ ಬರೆಯೋ ಯೋಚನೆ ಇರಲಿಲ್ಲ. ಇರಲಿ ಬಿಡು. ಶ್ರೀನಿವಾಸಪುರದ ಮಾವು ಶುರುವಾದಾಗ ಮನೆಯವರನ್ನೂ ಕರ್ಕೊಂಡು ಬಾ. ಅಂತರಗಂಗೆ ಬೆಟ್ಟ ಹತ್ತೋಣ.

ನಿನ್ನ ಗೆಳೆಯ