ಅಳತೆ ಯಾರ ಕೈಯಲ್ಲಿದೆ?

ಮಾನ್ಯ ಸಂಪಾದಕರೇ,

ವಿಜ್ಞಾನ ದಿನಕ್ಕೆಂದು ನಿಮ್ಮ ಪತ್ರಿಕೆ ತಂದ ಪುರವಣಿಯನ್ನು ಮೊದಲ ಪುಟದಿಂದ ಕೊನೆಯವರೆಗೆ ಓದಿದೆ. ಚಂದ್ರಯಾನ, ಕೃತಕ ಬುದ್ಧಿಮತ್ತೆ, ಡ್ರೋನು, ಕ್ವಾಂಟಮ್ ಕಂಪ್ಯೂಟರು ಎಲ್ಲವೂ ಇದ್ದವು. ಅದಕ್ಕೆ ನನ್ನ ತಕರಾರಿಲ್ಲ. 2023ರ ಆಗಸ್ಟ್ 23ರ ಸಂಜೆ ವಿಕ್ರಮ್ ಚಂದ್ರನ ಮೇಲೆ ಇಳಿದಾಗ ಟಿ.ವಿ. ಮುಂದೆ ನಿಂತು ಚಪ್ಪಾಳೆ ಹೊಡೆದವರಲ್ಲಿ ನಾನೂ ಒಬ್ಬಳು. ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಹೇಳಿ ನಿವೃತ್ತಳಾದವಳು ನಾನು. ‘ವಿಜ್ಞಾನ ವರವೇ, ಶಾಪವೇ’ ಅಂತ ಮಕ್ಕಳಿಂದ ಪ್ರಬಂಧ ಬರೆಸಿ, ‘ಎರಡೂ ಹೌದು, ನಾವು ಬಳಸುವುದರ ಮೇಲಿದೆ’ ಎಂಬ ಕೊನೆಯ ಸಾಲಿಗೆ ಕೆಂಪು ಶಾಯಿಯಲ್ಲಿ ಟಿಕ್ಕು ಹಾಕುತ್ತಾ ಬಂದವಳು. ಆ ಸಾಲು ಈಗ ಬೇಜಾರು ತರಿಸುತ್ತದೆ. ನಮ್ಮ ಕೊಡಗು ಜಿಲ್ಲೆಯಲ್ಲಿ ವಿಜ್ಞಾನ ಜನರ ಜೇಬನ್ನು ಮುಟ್ಟುವ ಜಾಗ ಪುರವಣಿಯಲ್ಲಿ ಎಲ್ಲೂ ಕಾಣಲಿಲ್ಲ. ಅದನ್ನು ಹೇಳಲು ಈ ಪತ್ರ.

ಸುಂಟಿಕೊಪ್ಪದ ಹತ್ತಿರ ನಮ್ಮದೊಂದು ಸಣ್ಣ ಕಾಫಿ ತೋಟ. ಬಹುಪಾಲು ರೋಬಸ್ಟಾ, ಮೇಲಿನ ತುಂಡಿನಲ್ಲಿ ಒಂದಿಷ್ಟು ಅರೇಬಿಕಾ, ಮರಗಳಿಗೆ ಹಬ್ಬಿದ ಕರಿಮೆಣಸು. ಕೊಯ್ಲು ಮುಗಿದು ಕಣದಲ್ಲಿ ಚೆರಿ (ಸಿಪ್ಪೆ ಸಮೇತದ ಕಾಫಿ ಹಣ್ಣು) ಒಣಗಿದ ಮೇಲೆ ಚೀಲ ಕಟ್ಟಿ ವ್ಯಾಪಾರಿಯ ಅಂಗಡಿಗೆ ಒಯ್ಯುತ್ತೇವೆ. ಅಲ್ಲಿ ಮೇಜಿನ ಮೇಲೊಂದು ಡಬ್ಬಿ ಇರುತ್ತದೆ, ತೇವಾಂಶ ಮೀಟರು. ವ್ಯಾಪಾರಿ ಚೀಲಕ್ಕೆ ಬಾಂಬು, ಅಂದರೆ ಚೂಪು ಮೊನೆಯ ಟೊಳ್ಳು ಕೊಳವೆ, ಚುಚ್ಚಿ ಒಂದು ಹಿಡಿ ಕಾಫಿ ತೆಗೆದು ಅದರೊಳಗೆ ಸುರಿಯುತ್ತಾನೆ. ಒಂದು ಅಂಕಿ ಮೂಡುತ್ತದೆ. ಇನ್ನೊಂದಿಷ್ಟು ಚೆರಿಯನ್ನು ಪುಟ್ಟ ಯಂತ್ರದಲ್ಲಿ ಸಿಪ್ಪೆ ಸುಲಿದು, ಕರಿಬೀಜ, ಚೂರು ಬೇರೆ ಮಾಡಿ, ಉಳಿದ ಬೇಳೆಯನ್ನು ತೂಗಿ ಔಟ್‌ಟರ್ನ್ ಹೇಳುತ್ತಾನೆ. 50 ಕಿಲೋ ಚೀಲದಲ್ಲಿ ಎಷ್ಟು ಕಿಲೋ ಬೇಳೆ ಸಿಗುತ್ತದೆ ಎಂಬ ಲೆಕ್ಕ ಅದು. ನಮ್ಮ ವರ್ಷದ ಸಂಪಾದನೆ ನಿಂತಿರುವುದು ಈ ಎರಡು ಅಂಕಿಗಳ ಮೇಲೆ. ಲಂಡನ್ನಿನಲ್ಲಿ ರೋಬಸ್ಟಾ ದರ ಏರಿತೋ ಇಳಿಯಿತೋ ಎಂಬುದು ಈಗ ಸಂಜೆಯೊಳಗೆ ಎಲ್ಲರ ಮೊಬೈಲಿಗೂ ಬರುತ್ತದೆ. ಆದರೆ ಆ ದರವನ್ನು ನಮ್ಮ ದುಡ್ಡಾಗಿ ಪರಿವರ್ತಿಸುವುದು ಮೇಜಿನ ಮೇಲಿನ ಆ ಡಬ್ಬಿ.

ಲೆಕ್ಕ ಹೀಗೆ. ಔಟ್‌ಟರ್ನ್ ಪಾಯಿಂಟ್ ಒಂದಕ್ಕೆ 350 ರೂಪಾಯಿ ದರ ಇದೆ ಎಂದಿಟ್ಟುಕೊಳ್ಳಿ. 27 ಬರಬೇಕಾದ ಕಡೆ 26 ಎಂದು ಬರೆದರೆ ಚೀಲಕ್ಕೆ 350 ರೂಪಾಯಿ ಖೋತಾ. 60 ಚೀಲ ಇರುವ ಮನೆಗೆ 21 ಸಾವಿರ. ತೇವಾಂಶ ಹೆಚ್ಚೆಂದು ತೂಕದಲ್ಲಿ ಕಳೆಯುವುದು ಬೇರೆ. ರೋಬಸ್ಟಾ ಚೆರಿಗೆ ಶೇ 11, ಅರೇಬಿಕಾ ಚೆರಿಗೆ ಶೇ 12, ತಿರುಳು ತೆಗೆದು ತೊಳೆದು ಒಣಗಿಸಿದ ಪಾರ್ಚ್‌ಮೆಂಟಿಗೆ ಶೇ 10 ತೇವಾಂಶ ಇರಬೇಕು ಎಂಬುದು ಕಾಫಿ ಮಂಡಳಿ ಹೇಳಿಕೊಂಡು ಬಂದಿರುವ ಪ್ರಮಾಣ. ಅದಕ್ಕಿಂತ ಹೆಚ್ಚು ಒಣಗಿಸಿದರೆ ನಮ್ಮ ತೂಕ ಹೋಯಿತು, ಕಡಿಮೆ ಒಣಗಿಸಿದರೆ ಬೂಷ್ಟು. ನಡುವೆ ಇರುವುದು ಒಂದು ಶೇಕಡಾದ ದಾರಿ. ಕಣದಲ್ಲಿ ಕೂತವಳಿಗೆ ಅದನ್ನು ತಿಳಿಯಲು ಇರುವ ಉಪಕರಣ ಕಿವಿ ಮಾತ್ರ: ಮುಷ್ಟಿಯಲ್ಲಿ ಹಿಡಿದು ಅಲ್ಲಾಡಿಸಿದರೆ ಗಲಗಲ ಎನ್ನಬೇಕು.

ಈ ವರ್ಷ ಒಂದೇ ಚೀಲದಿಂದ ತೆಗೆದ ಕಾಫಿಯನ್ನು ಎರಡು ಅಂಗಡಿಗೆ ಕೊಂಡೊಯ್ದೆ. ಒಂದು ಮೀಟರು 11.4 ತೋರಿಸಿತು, ಇನ್ನೊಂದು 13. ಎರಡನೆಯವರು ಮೋಸ ಮಾಡಿದರು ಎಂದು ನಾನು ಹೇಳುತ್ತಿಲ್ಲ. ಮೀಟರಿನ ಒಳಗೆ ಏನಾಗುತ್ತದೆ ಎಂದು ಗೊತ್ತಿದ್ದರೆ ಮೋಸ ಇಲ್ಲದೆಯೂ ಈ ವ್ಯತ್ಯಾಸ ಬರಬಹುದು ಎಂಬುದು ಅರ್ಥವಾಗುತ್ತದೆ. ಅದು ನೀರನ್ನು ನೇರವಾಗಿ ಅಳೆಯುವುದೇ ಇಲ್ಲ. ಈ ಬಗೆಯ ಮೀಟರು ಎರಡು ಲೋಹದ ತಗಡುಗಳ ನಡುವೆ ಕಾಫಿ ತುಂಬಿ ಅದರ ವಿದ್ಯುತ್ ಗುಣ ನೋಡುತ್ತದೆ. ವಿದ್ಯುತ್ ಕ್ಷೇತ್ರಕ್ಕೆ ವಸ್ತು ಎಷ್ಟು ಸ್ಪಂದಿಸುತ್ತದೆ ಎಂದು ಹೇಳುವ ಡೈಎಲೆಕ್ಟ್ರಿಕ್ ಸ್ಥಿರಾಂಕ ನೀರಿಗೆ ಸುಮಾರು 80, ಒಣಕಾಳಿನದು ಒಂದಂಕಿಯಲ್ಲೇ ನಿಲ್ಲುತ್ತದೆ. ಈ ದೊಡ್ಡ ಅಂತರವನ್ನು ಹಿಡಿದುಕೊಂಡು ಇಷ್ಟು ನೀರಿರಬೇಕು ಎಂದು ಯಂತ್ರ ಊಹಿಸುತ್ತದೆ. ಊಹೆ ಸರಿಯಾಗಬೇಕಾದರೆ ಅದಕ್ಕೆ ಮೊದಲೇ ಕಲಿಸಿರಬೇಕು. ಕರಿಮೆಣಸಿಗೆ ಬೇರೆ ಪಾಠ, ಪಾರ್ಚ್‌ಮೆಂಟಿಗೆ ಬೇರೆ, ಚೆರಿಗೆ ಬೇರೆ. ಮೆಣಸಿಗಿಟ್ಟ ಸೆಟ್ಟಿಂಗಿನಲ್ಲಿ ಚೆರಿ ಸುರಿದರೆ ಬರುವ ಅಂಕಿಗೆ ಅರ್ಥವಿಲ್ಲ. ಬಿಸಿಲಿನಿಂದ ತಂದ ಕಾಫಿ ಬಿಸಿಯಾಗಿದ್ದರೂ, ಒತ್ತಿ ತುಂಬಿದರೂ, ಸಡಿಲ ಸುರಿದರೂ ಅಂಕಿ ಕದಲುತ್ತದೆ. ಆಗಾಗ ಒಲೆಯ (ಓವನ್ನಿನ) ಪರೀಕ್ಷೆಗೆ ಹೋಲಿಸಿ ಸರಿಪಡಿಸಬೇಕು. ತೂಕ ಮಾಡಿದ ಸ್ಯಾಂಪಲನ್ನು 105 ಡಿಗ್ರಿಯ ಆಸುಪಾಸಿನ ಒಲೆಯಲ್ಲಿ, ತೂಕ ಇಳಿಯುವುದು ನಿಲ್ಲುವ ತನಕ ಒಣಗಿಸಿ ಮತ್ತೆ ತೂಗುವುದೇ ಆ ಪರೀಕ್ಷೆ. ಹತ್ತನೇ ತರಗತಿಯ ಮಕ್ಕಳು ಮಾಡಬಲ್ಲ ಪ್ರಯೋಗ.

ಈಗ ನನ್ನ ಪ್ರಶ್ನೆ. ಅಂಗಡಿಯ ತಕ್ಕಡಿಯ ಮೇಲೆ ಕಾನೂನು ಮಾಪನ ಇಲಾಖೆಯ ಮುದ್ರೆ ಇರುತ್ತದೆ. ಮುದ್ರೆ ಹಳೆಯದಾದರೆ ದಂಡ. ನಾನು ಕಂಡ ಯಾವ ಅಂಗಡಿಯಲ್ಲೂ ತೇವಾಂಶ ಮೀಟರಿನ ಮೇಲೆ ಅಂಥ ಮುದ್ರೆ ಇರಲಿಲ್ಲ. ‘ಇದನ್ನು ಯಾವಾಗ ಕ್ಯಾಲಿಬ್ರೇಟ್ ಮಾಡಿಸಿದ್ದೀರಿ’ ಎಂದು ಕೇಳಿದ್ದಕ್ಕೆ ಒಬ್ಬರು ನಕ್ಕು, ‘ಟೀಚರ್, ಇದು ಡಿಜಿಟಲ್’ ಎಂದರು. ಪರದೆಯ ಮೇಲೆ ದಶಮಾಂಶ ಬಿಂದು ಕಂಡರೆ ಸಾಕು, ನಮ್ಮ ಜನ ತಲೆಬಾಗುತ್ತಾರೆ. ಕೈತಕ್ಕಡಿಯ ಕಾಲದಲ್ಲಿ ಮುಳ್ಳಿನ ಮೇಲೆ ಕಣ್ಣಿಟ್ಟು ಜಗಳವಾಡುತ್ತಿದ್ದವರು ಇದೇ ಜನ.

ಹಳಬರಿಗೆ ನೆನಪಿರಬಹುದು, 1990ರ ದಶಕದ ಮೊದಲ ವರ್ಷಗಳವರೆಗೂ ನಾವು ಕಾಫಿಯನ್ನು ಬೇಕಾದವರಿಗೆ ಮಾರುವಂತಿರಲಿಲ್ಲ. ಎಲ್ಲರ ಕಾಫಿಯನ್ನೂ ಒಟ್ಟು ಸೇರಿಸಿ ಮಾರುತ್ತಿದ್ದ ಕಾಫಿ ಮಂಡಳಿಯ ಪೂಲ್‌ಗೆ ಕೊಡಬೇಕಿತ್ತು. ಕಾಫಿ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಅಳೆದು ಔಟ್‌ಟರ್ನ್ ಬರೆಯುತ್ತಿದ್ದರು, ದುಡ್ಡು ಕಂತಿನಲ್ಲಿ ಬರುತ್ತಿತ್ತು. ಆ ಕಾಲ ಮತ್ತೆ ಬರಲಿ ಎಂದು ನಾನು ಹೇಳುವುದಿಲ್ಲ. ಕಂತಿಗಾಗಿ ಕಾದು ಸಾಲ ಮಾಡಿದ ಮನೆ ನಮ್ಮದೂ. ಹಂತಹಂತವಾಗಿ ಬಿಡುಗಡೆ ಆಗಿ 1996ರ ಹೊತ್ತಿಗೆ ಮಾರಾಟ ಪೂರ್ತಿ ಮುಕ್ತವಾಯಿತು, ಒಳ್ಳೆಯದೇ ಆಯಿತು. ಆದರೆ ದರಕ್ಕೆ ಸ್ವಾತಂತ್ರ್ಯ ಕೊಟ್ಟವರು ಅಳತೆಯನ್ನು ಯಾರು ನೋಡಿಕೊಳ್ಳಬೇಕೆಂದು ಹೇಳಲಿಲ್ಲ. ಅದು ತನ್ನಷ್ಟಕ್ಕೆ ಕೊಳ್ಳುವವನ ಮೇಜಿಗೆ ಹೋಗಿ ಕೂತಿತು.

ಕೊಳ್ಳುವವನು ಇಲ್ಲಿನವನೇ ಆದರೆ ವಾದ ಮಾಡಬಹುದು, ಇನ್ನೊಂದು ಅಂಗಡಿಗೆ ಹೋಗಬಹುದು. ಯುರೋಪಿನವನಾದರೆ? ಯುರೋಪಿಯನ್ ಒಕ್ಕೂಟದ ಅರಣ್ಯನಾಶ ತಡೆ ನಿಯಮ 2023ರ ಜೂನ್‌ನಲ್ಲಿ ಅಧಿಕೃತವಾಯಿತು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿ ಅಲ್ಲಿಗೆ ಹೋಗುವಂತಿಲ್ಲ. ಪ್ರತಿ ತೋಟದ ಅಕ್ಷಾಂಶ ರೇಖಾಂಶ ಕೊಡಬೇಕು. 4 ಹೆಕ್ಟೇರಿಗಿಂತ ದೊಡ್ಡದಾದರೆ ಸುತ್ತಲ ಗಡಿಯನ್ನೇ ಗುರುತಿಸಿ ಕೊಡಬೇಕು. 2024ರ ಕೊನೆಗೆ ಜಾರಿಯಾಗಬೇಕಿದ್ದದ್ದು ಮುಂದೂಡಿಕೆಯಾಗಿದೆ, ಆದರೆ ನೋಂದಣಿಯ ಓಡಾಟ ನಮ್ಮಲ್ಲಿ ಆಗಲೇ ಶುರುವಾಗಿದೆ. ಉದ್ದೇಶಕ್ಕೆ ಕೈಮುಗಿಯುತ್ತೇನೆ. ವಿವರಗಳನ್ನು ಮಾತ್ರ ಟೀಚರ್ ಕಣ್ಣಿನಿಂದ ನೋಡದೆ ಇರಲಾಗುವುದಿಲ್ಲ.

ದಶಮಾಂಶ ಬಿಂದುವಿನ ನಂತರ ಕನಿಷ್ಠ ಆರು ಅಂಕಿ ಬೇಕಂತೆ. ಅಕ್ಷಾಂಶದ ಆರನೇ ದಶಮಾಂಶ ಎಂದರೆ ನೆಲದ ಮೇಲೆ ಸುಮಾರು 11 ಸೆಂಟಿಮೀಟರ್, ಒಂದು ಗೇಣಿಗಿಂತ ಕಡಿಮೆ. ಬಯಲಿನಲ್ಲಿ ನಿಂತರೂ ಮೊಬೈಲಿನ ಜಿಪಿಎಸ್ ಕೆಲವು ಮೀಟರ್ ಆಚೀಚೆ ಹೇಳುತ್ತದೆ. ಹಲಸು, ಬಳಂಜಿ, ಸಿಲ್ವರ್ ಓಕ್ ಮರಗಳ ಕೆಳಗೆ, ಎಲೆಗೊಂಚಲಿಗೆ ಸಿಗ್ನಲ್ ತಗಲಿ ಚದುರುವ ಕಡೆ, ಇನ್ನೂ ಹೆಚ್ಚು. ಅಂಗೈ ಅಗಲದ ನಿಖರತೆ ಕೇಳುವ ಕಾಗದಕ್ಕೆ ಅಂಗಳದಷ್ಟು ತಪ್ಪುವ ಯಂತ್ರದಿಂದ ಉತ್ತರ ತುಂಬುತ್ತಿದ್ದೇವೆ. ಪರೀಕ್ಷೆಯಲ್ಲಿ ಹುಡುಗನೊಬ್ಬ ಮರದ ಸ್ಕೇಲಿನಿಂದ ಅಳೆದು ಆರು ದಶಮಾಂಶ ಬರೆದಿದ್ದರೆ ನಾನು ಅಂಕ ಕಳೆಯುತ್ತಿದ್ದೆ.

ಇದಕ್ಕಿಂತ ದೊಡ್ಡ ತೊಡಕು ಮೇಲಿನಿಂದ ನೋಡುವ ಉಪಗ್ರಹದ್ದು. ನಮ್ಮ ಕಾಫಿ ನೆರಳಿನಲ್ಲಿ ಬೆಳೆಯುವಂಥದ್ದು. ಮೇಲಿನಿಂದ ಕಾಣುವುದು ಮರದ ತಲೆಗಳು, ಗಿಡ ಕಾಣುವುದಿಲ್ಲ. ತೋಟ ಯಾವುದು ಕಾಡು ಯಾವುದು ಎಂದು ನಕ್ಷೆ ಮಾಡುವ ಯಂತ್ರಕ್ಕೆ ಗೊಂದಲವಾಗುವುದು ಸಹಜ. ತೋಟವನ್ನು ಕಾಡೆಂದು ಬಣ್ಣ ಹಚ್ಚಿದ ಮೇಲೆ, ನೆರಳು ಹೆಚ್ಚಾಯಿತೆಂದು ನಾನು ಮರಕಸಿ ಮಾಡಿಸಿ ಕೊಂಬೆ ಸವರಿಸಿದರೆ, ಗಾಳಿಗೆ ನಾಲ್ಕು ಮರ ಬಿದ್ದರೆ, ಅದು ಕಾಡು ಕಡಿದಂತೆ ಕಾಣುವ ಅಪಾಯ ಇದೆ. ಮರವನ್ನೇ ಇಡದೆ ಬೋಳು ಗುಡ್ಡದಲ್ಲಿ ಕಾಫಿ ಬೆಳೆಯುವವರಿಗೆ ಈ ತಲೆನೋವಿಲ್ಲ.

ಇನ್ನು ಜಮ್ಮಾ ಜಾಗದವರ, ಅಂದರೆ ತಲೆಮಾರುಗಳಿಂದ ಇಡೀ ಕುಟುಂಬಕ್ಕೆ ಸೇರಿ ಬಂದ ಜಮೀನಿನವರ, ಪಾಡು. ಪಕ್ಕದ ಮನೆಯವರ ಪಹಣಿಯಲ್ಲಿ ಇವತ್ತಿಗೂ ಇರುವುದು ಎಂದೋ ತೀರಿಕೊಂಡ ಪಟ್ಟೇದಾರರ, ಅಂದರೆ ಕುಟುಂಬದ ಹಿರಿಯರ, ಹೆಸರು. ಕುಟುಂಬದವರು ತಮ್ಮತಮ್ಮ ಪಾಲನ್ನು ನೋಡಿಕೊಂಡು ಬಂದಿದ್ದಾರೆ, ಯಾರ ಗಡಿ ಎಲ್ಲಿ ಎಂದು ಎಲ್ಲರಿಗೂ ಗೊತ್ತು, ಕಾಗದಕ್ಕೆ ಗೊತ್ತಿಲ್ಲ. ‘ಭೂಮಿ’ ಯೋಜನೆಯಲ್ಲಿ ಪಹಣಿಗಳು ಕಂಪ್ಯೂಟರಿಗೆ ಏರಿದಾಗ ಹಳೆಯ ಗೊಂದಲವೂ ಅಕ್ಷರ ತಪ್ಪದೆ ಏರಿತು. ಈಗ ನೋಂದಣಿಯ ಮೊಬೈಲ್ ಅಪ್ಲಿಕೇಶನ್ ಕೇಳುತ್ತದೆ: ಮಾಲೀಕರ ಹೆಸರು? ತೀರಿಕೊಂಡವರ ಹೆಸರಿಗೆ ಒಟಿಪಿ ಬರುವುದಿಲ್ಲ. ಇದು ನಿಯಮ ಮಾಡಿದ ಬ್ರಸೆಲ್ಸಿನವರ ತಪ್ಪಲ್ಲ, ಕಂದಾಯ ಇಲಾಖೆಯ ಬಹುಕಾಲದ ಬಾಕಿ ಕೆಲಸ. ತಂತ್ರಜ್ಞಾನ ಅದನ್ನು ಬೆಳಕಿಗೆ ತಂದಿತು ಎಂದು ಬೇಕಾದರೆ ಸಮಾಧಾನ ಮಾಡಿಕೊಳ್ಳಬಹುದು.

ಹಾಗೆಂದು ನಾನು ಅಪ್ಲಿಕೇಶನ್ನುಗಳ ವೈರಿಯಲ್ಲ. ಅಳತೆ ಬೆಳೆಗಾರನ ಕೈಯಲ್ಲೇ ಇದ್ದ ಒಂದು ಪದ್ಧತಿ ನಮ್ಮ ಜಿಲ್ಲೆಯಲ್ಲಿ ಇತ್ತು, ಈಗಲೂ ಅಲ್ಲಲ್ಲಿ ಇದೆ: ಮಳೆ ಪುಸ್ತಕ. ಬೆಳಿಗ್ಗೆ ಎಂಟೂವರೆಗೆ ಅಂಗಳದ ಮಾಪಕದಿಂದ ನೀರು ತೆಗೆದು ಅಳೆದು, ಇಷ್ಟು ಇಂಚು ಇಷ್ಟು ಸೆಂಟ್ ಎಂದು ಬರೆದಿಡುವುದು. ನಮ್ಮ ಮಾವನವರ ಕಾಲದ ಪುಸ್ತಕಗಳು ನಮ್ಮಲ್ಲಿವೆ. ಗೆದ್ದಲು ತಿಂದ ಒಂದೆರಡು ವರ್ಷ ಬಿಟ್ಟರೆ ಉಳಿದದ್ದು ಓದುವಂತಿದೆ. ರೋಬಸ್ಟಾಕ್ಕೆ ಹೂ ಅರಳಿಸುವ ಹೂಮಳೆ ಒಂದು ಇಂಚಿನಷ್ಟಾದರೂ ಬಿದ್ದಿತೇ, ಆಮೇಲೆ ಕಾಯಿ ನಿಲ್ಲಿಸುವ ಬ್ಯಾಕಿಂಗ್ ಮಳೆ ಸಮಯಕ್ಕೆ ಬಂತೇ, ಇಲ್ಲದಿದ್ದರೆ ಕೆರೆಯಿಂದ ಸ್ಪ್ರಿಂಕ್ಲರ್ ಯಾವಾಗ ಹಾಕಬೇಕು ಎಂಬ ತೀರ್ಮಾನ ಆ ಪುಸ್ತಕದ ಮೇಲೆ ನಡೆಯುತ್ತಿತ್ತು. ಬೆಂಗಳೂರಿನ ಸಭಾಂಗಣಗಳಲ್ಲಿ ರಾಮನ್ ಪರಿಣಾಮದ ಭಾಷಣ ನಡೆಯುವ ಫೆಬ್ರುವರಿ ಕೊನೆಯ ವಾರದಲ್ಲಿ ಇಲ್ಲಿ ಎಲ್ಲರ ಕಣ್ಣು ಆಕಾಶದ ಮೇಲೆ, ಪೆನ್ನು ಆ ಪುಸ್ತಕದ ಮೇಲೆ.

ಈಗ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ತಾನಾಗಿಯೇ ಲೆಕ್ಕ ಕಳಿಸುವ ಮಳೆ ಮಾಪಕ ಇಟ್ಟಿದ್ದಾರೆ. ನಿಜಕ್ಕೂ ದೊಡ್ಡ ಕೆಲಸ. ‘ವರುಣಮಿತ್ರ’ ಸಹಾಯವಾಣಿಯೂ ಇದೆ. ಭಾಗಮಂಡಲದಲ್ಲಿ ಸುರಿಯುವುದರ ಕಾಲು ಭಾಗವೂ ಕುಶಾಲನಗರದಲ್ಲಿ ಬೀಳದ ಜಿಲ್ಲೆ ಇದು. ಇಡೀ ಜಿಲ್ಲೆಗೆ ಒಂದೇ ಮೋಡದ ಚಿತ್ರ ತೋರಿಸುವ ಮೊಬೈಲ್ ಹವಾಮಾನದಿಂದ ನಮಗೇನೂ ಆಗದು. 2025ರಲ್ಲಿ ಬಂದ ‘ಭಾರತ್ ಮುನ್ಸೂಚನಾ ವ್ಯವಸ್ಥೆ’ 6 ಕಿಲೋಮೀಟರಿನ ಚೌಕಗಳಲ್ಲಿ ಲೆಕ್ಕ ಹಾಕುತ್ತದೆ. ಹಿಂದಿನ 12ಕ್ಕಿಂತ ಮೇಲು, ಆದರೂ ನಮ್ಮಲ್ಲಿ ಆರು ಕಿಲೋಮೀಟರ್ ಎಂದರೆ ನಡುವೆ ಒಂದು ಬೆಟ್ಟ, ಎರಡು ಕಣಿವೆ. ಹಾಗಾಗಿ ಪಂಚಾಯಿತಿಯ ಮಾಪಕದ ಅಂಕಿಯೇ ನಮ್ಮ ಆಧಾರ. ಅದು ಬೆಂಗಳೂರು ತಲುಪುತ್ತದೆ. ಮಾಪಕ ನಿಂತಿರುವ ಕಟ್ಟಡದ ಪಕ್ಕದಲ್ಲೇ ಚಹಾ ಕುಡಿಯುವವರಿಗೆ ನಿನ್ನೆ ಎಷ್ಟು ಬಿತ್ತೆಂದು ಗೊತ್ತಿರುವುದಿಲ್ಲ. ನಾನು ವಿಚಾರಿಸಿ ನೋಡಿದ್ದೇನೆ.

ಇದು ಬರೀ ಹೂಮಳೆಯ ಮಾತಲ್ಲ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲದ ಕಡೆ ಬೆಟ್ಟ ಜಾರಿದ್ದು ಆ ಒಂದೆರಡು ದಿನದ ಮಳೆಗೆ ಮಾತ್ರ ಅಲ್ಲ. ಹಿಂದಿನ ವಾರಗಳಲ್ಲಿ ಮಣ್ಣು ಕುಡಿದು ಕೂತಿದ್ದ ನೀರೂ ಅದಕ್ಕೆ ಸೇರಿತ್ತು. ಈ ಕೂಡಿಕೆಯ ಲೆಕ್ಕ ಊರಿನವರಿಗೇ ಗೊತ್ತಿದ್ದರೆ ಸೈರನ್ನಿಗೆ ಕಾಯುವ ಅಗತ್ಯ ಸ್ವಲ್ಪ ಕಡಿಮೆಯಾಗುತ್ತದೆ.

ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರಕ್ಕೆ ನೂರು ವರ್ಷ ತುಂಬಿತು, 1925ರಲ್ಲಿ ಹುಟ್ಟಿದ್ದು. ನಮ್ಮ ಚೆಟ್ಟಳ್ಳಿಯ ಉಪಕೇಂದ್ರವೂ ಹಳೆಯದೇ. ಬಿಳಿಕಾಂಡ ಕೊರಕ ಎಂಬ ಕೀಟ ಬಿಸಿಲು ಬೀಳುವ ತೊಗಟೆಯಲ್ಲಿ ಮೊಟ್ಟೆ ಇಡುತ್ತದೆ, ಆದ್ದರಿಂದ ಅರೇಬಿಕಾಕ್ಕೆ ನೆರಳು ತೆಗೆಯಬೇಡಿ ಎಂಬುದನ್ನು ನಮ್ಮ ಮನೆಗೆ ತಲುಪಿಸಿದ್ದು ಯಾವ ಪರದೆಯೂ ಅಲ್ಲ, ತೋಟದಲ್ಲಿ ನಡೆದು, ಒಣಗಿದ ಗಿಡ ಸೀಳಿ ಹುಳು ತೋರಿಸಿದ ಒಬ್ಬ ಅಧಿಕಾರಿ. ಅಂಥವರೇ ಮನಸ್ಸು ಮಾಡಿದರೆ ಪ್ರತಿ ನವೆಂಬರಿನಲ್ಲಿ, ಕೊಯ್ಲಿಗೆ ಮೊದಲು, ಹೋಬಳಿಗೊಂದು ದಿನ ಇಟ್ಟು ಎಲ್ಲ ವ್ಯಾಪಾರಿಗಳ ಮೀಟರುಗಳನ್ನೂ ಒಲೆಯ ಪರೀಕ್ಷೆಗೆ ಹೋಲಿಸಿ, ದಿನಾಂಕದ ಚೀಟಿ ಅಂಟಿಸಿ ಕಳಿಸಬಹುದು. ಪ್ರಾಮಾಣಿಕ ವ್ಯಾಪಾರಿಗೆ ಇದರಿಂದ ಲಾಭವೇ. ಬೆಳೆಗಾರರ ಸಂಘಗಳು ಸನ್ಮಾನದ ಶಾಲು, ಹಾರಕ್ಕೆ ಖರ್ಚು ಮಾಡುವ ಹಣದಲ್ಲಿ ಊರಿಗೊಂದು ಮೀಟರು ಕೊಂಡು ಸಹಕಾರ ಸಂಘದ ಕಟ್ಟೆಯ ಮೇಲೆ ಇಡಬಹುದು. ಅಂಗಡಿಗೆ ಹೋಗುವ ಮೊದಲೇ ತಮ್ಮ ಕಾಫಿಯ ಅಂಕಿ ಗೊತ್ತಿದ್ದವರು ಚೌಕಾಸಿಗೆ ನಿಲ್ಲುವ ರೀತಿಯೇ ಬೇರೆ. ತೋಟದ ಗಡಿಯನ್ನು ಮೊಬೈಲಿನಲ್ಲಿ ಗುರುತಿಸಿಕೊಂಡು ಹೋಗುವವರು ಅದರ ಒಂದು ಪ್ರತಿಯನ್ನು ತೋಟದವರಿಗೆ ಸಹಿ ಹಾಕಿ ಕೊಡಲಿ, ನಾಳೆ ನಕ್ಷೆ ತಪ್ಪೆಂದು ವಾದಿಸಲು ಕೈಯಲ್ಲಿ ಏನಾದರೂ ಬೇಕು.

ಕೊನೆಗೆ ನಿಮ್ಮಲ್ಲೇ ಒಂದು ಕೋರಿಕೆ. ದಿನವೂ ಮಾರುಕಟ್ಟೆ ಅಂಕಣದಲ್ಲಿ ಲಂಡನ್, ನ್ಯೂಯಾರ್ಕಿನ ಕಾಫಿ ದರ ತಪ್ಪದೆ ಹಾಕುತ್ತೀರಿ. ಅದರ ಪಕ್ಕದಲ್ಲಿ ಕೊಡಗಿನ ಹೋಬಳಿಗಳಲ್ಲಿ ಹಿಂದಿನ ದಿನ ಬಿದ್ದ ಮಳೆ, ಜನವರಿಯಿಂದ ಅಂದಿನ ತನಕದ ಒಟ್ಟು ಮಳೆ, ಇವೆರಡನ್ನು ಹಾಕಿ. ಮಿಲಿಮೀಟರ್ ಜೊತೆ ಇಂಚಿನಲ್ಲೂ ಇರಲಿ, ನಮ್ಮ ಹಿರಿಯರು ಇನ್ನೂ ಇಂಚಿನಲ್ಲೇ ಯೋಚಿಸುತ್ತಾರೆ. ಜಾಗ ಸಾಲದಿದ್ದರೆ ಪಕ್ಕದ ಕಾಲಮ್ಮಿನ ರಾಶಿಭವಿಷ್ಯದಲ್ಲಿ ಎರಡು ರಾಶಿ ಬಿಟ್ಟರೂ ನಡೆಯುತ್ತದೆ. ನನ್ನದು ಕನ್ಯಾ, ಅದರಿಂದಲೇ ಶುರು ಮಾಡಿ.

ಇಂತಿ,
ಒಬ್ಬ ಸಣ್ಣ ಬೆಳೆಗಾರ್ತಿ, ನಿವೃತ್ತ ವಿಜ್ಞಾನ ಶಿಕ್ಷಕಿ
ಸುಂಟಿಕೊಪ್ಪ, ಕೊಡಗು
(ಇದೇ ಅಂಗಡಿಗಳಿಗೆ ಬರುವ ವರ್ಷವೂ ಕಾಫಿ ಮಾರಬೇಕಿರುವುದರಿಂದ ಹೆಸರು ಪ್ರಕಟಿಸಬೇಡಿ)